ಒಂಬತ್ತನೇ ತರಗತಿಗೆ ಸಂಖ್ಯಾಶಾಸ್ತ್ರ: ಸೂತ್ರಕ್ಕೆ ಮುಂಚೆ ಏನು ಮಾಡಿಸೋದು?

ಪಾಂಡವಪುರ_ಗಣಿತ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ, 40 ಮಕ್ಕಳು. ಸರಾಸರಿ, ಮಧ್ಯಾಂಕ (ಏರಿಕೆ ಕ್ರಮದಲ್ಲಿ ಬರೆದರೆ ನಡುವೆ ನಿಲ್ಲೋ ಸಂಖ್ಯೆ), ಬಹುಲಕ (ಹೆಚ್ಚು ಸಲ ಬರೋ ಸಂಖ್ಯೆ) ಮೂರನ್ನೂ ಲೆಕ್ಕ ಹಾಕ್ತಾರೆ, ಉತ್ತರವೂ ಸರಿ ಬರುತ್ತೆ. ‘ಇಲ್ಲಿ ಈ ಮೂರರಲ್ಲಿ ಯಾವುದನ್ನ ನಂಬಬೇಕು, ಯಾಕೆ?’ ಅಂದರೆ ಮಾತ್ರ ಮುಖ ಮುಖ ನೋಡ್ತಾರೆ. ಅವರಿಗೆ ಸಂಖ್ಯಾಶಾಸ್ತ್ರ ಅಂದರೆ ಕೂಡಿಸಿ ಭಾಗಿಸೋದು, ಅಷ್ಟೇ.

ಆರು ಶನಿವಾರ, ಪ್ರತಿ ವಾರ ಎರಡು ಪೀರಿಯಡ್ ಒಟ್ಟಿಗೆ ಸಿಗುತ್ತೆ. ಕಂಪ್ಯೂಟರ್ ಲ್ಯಾಬನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಗ್ರಾಫ್ ಹಾಳೆ, ಚಾರ್ಟ್, ಸ್ಕೇಲು ಇವೆ. ಎಲ್ಲಿಂದ ಶುರು ಮಾಡೋದು, ದತ್ತಾಂಶ ಎಲ್ಲಿಂದ ತರೋದು, ಸಂಭವನೀಯತೆ ಇದರಲ್ಲೇ ಸೇರಿಸಬೇಕಾ? ಮುಂದಿನ ವರ್ಷ ಎಸ್ಸೆಸ್ಸೆಲ್ಸಿಗೂ ಉಪಯೋಗಕ್ಕೆ ಬಂದರೆ ಒಳ್ಳೇದು.

ಸಂಖ್ಯಾ_ಮೈಸೂರು

ಸರ್, ಸರಾಸರಿಯಿಂದ ಶುರು ಮಾಡಬೇಡಿ. ಪುಸ್ತಕದಲ್ಲಿ ದತ್ತಾಂಶ ಅಡುಗೆ ಆಗಿ ಎಲೆಗೆ ಬಡಿಸಿದ ಸ್ಥಿತಿಯಲ್ಲೇ ಸಿಗುತ್ತೆ. ಅದು ಎಲ್ಲಿಂದ ಬಂತು, ಯಾರು ಅಳೆದರು, ಹೇಗೆ ಅಳೆದರು ಅನ್ನೋದು ಮಕ್ಕಳಿಗೆ ಗೊತ್ತೇ ಆಗಲ್ಲ. ಮೊದಲ ಶನಿವಾರ ಪೂರ್ತಿ ಒಂದೇ ಪ್ರಶ್ನೆಗೆ ಕೊಡಿ: ‘ನಮ್ಮ ತರಗತಿಯವರಿಗೆ ಮನೆಯಿಂದ ಶಾಲೆಗೆ ಬರೋಕೆ ಎಷ್ಟು ಹೊತ್ತು ಬೇಕು?’

ಪ್ರಶ್ನೆ ಕೇಳಿ ಸುಮ್ಮನಿದ್ದುಬಿಡಿ. ಯಾರೋ ಒಬ್ಬರು ‘ಬಸ್ಸಿಗೆ ಕಾಯೋದೂ ಸೇರಿಸಬೇಕಾ ಸಾರ್?’ ಅಂತ ಕೇಳೇ ಕೇಳ್ತಾರೆ. ಇನ್ನೊಬ್ಬರು ‘ಇವತ್ತಿನದಾ, ದಿನಾ ಆಗೋದಾ?’ ಅಂತಾರೆ. ಪಾಠ ಶುರುವಾಗೋದೇ ಅಲ್ಲಿಂದ. ಉತ್ತರ ನೀವು ಕೊಡಬೇಡಿ. ತರಗತಿಯೇ ಚರ್ಚಿಸಿ ಒಂದು ವಾಕ್ಯ ಬರೆಯಲಿ: ‘ಸೋಮವಾರ ಬೆಳಗ್ಗೆ ಮನೆ ಹೊಸಿಲು ದಾಟಿದ್ದರಿಂದ ಶಾಲೆ ಗೇಟು ಮುಟ್ಟುವವರೆಗೆ, ಗಡಿಯಾರ ನೋಡಿ, ನಿಮಿಷದಲ್ಲಿ.’ ಈ ವಾಕ್ಯ ಬೋರ್ಡಿನ ಮೇಲೆ ಇಲ್ಲದೆ ಒಂದು ಸಂಖ್ಯೆಯನ್ನೂ ಬರೆದುಕೊಳ್ಳಬೇಡಿ.

ಅಂದಾಜಿನ ಮೇಲೆ ಹೇಳಿಸಿದರೆ ಏನಾಗುತ್ತೆ ಅನ್ನೋದನ್ನೂ ತೋರಿಸಿ. ಮೊದಲು ಬಾಯಲ್ಲಿ ಹೇಳಿದ ಸಂಖ್ಯೆ ಬರೆದುಕೊಳ್ಳಿ, ಆಮೇಲೆ ಗಡಿಯಾರ ನೋಡಿ ಬಂದ ಸಂಖ್ಯೆ. ಬಾಯಿಮಾತಿನ ಸಂಖ್ಯೆಗಳು 5, 10, 15, 30ರ ಮೇಲೆ ಗುಡ್ಡೆ ಬೀಳುತ್ತವೆ. 13, 17 ಅಂತ ಯಾರೂ ಹೇಳಲ್ಲ. ಜನಗಣತಿಯಲ್ಲಿ ವಯಸ್ಸು ಕೇಳಿದಾಗಲೂ ಹೀಗೇ 0, 5ರಲ್ಲಿ ಮುಗಿಯೋ ವಯಸ್ಸುಗಳು ಉಬ್ಬಿಕೊಂಡು ಬರುತ್ತವೆ.

ಎರಡನೇ ಶನಿವಾರ ಚುಕ್ಕಿ ಚಿತ್ರ. ಚಾರ್ಟಿನ ತಳದಲ್ಲಿ 0ಯಿಂದ 80ರವರೆಗೆ ನಿಮಿಷದ ಗೆರೆ ಎಳೆದು, ಪ್ರತಿ ಮಗುವೂ ತನ್ನ ಸಂಖ್ಯೆಯ ಮೇಲೆ ಒಂದು ಹಣೆಬೊಟ್ಟಿನ ಸ್ಟಿಕರ್ ಅಂಟಿಸಲಿ. ಇಲ್ಲಿ ಎರಡು ಕಡೆ ಕೆಡುತ್ತೆ. ಒಂದು, ಬೊಟ್ಟುಗಳು ಬೇರೆ ಬೇರೆ ಗಾತ್ರದವಾದರೆ ನಾಲ್ಕು ದೊಡ್ಡ ಬೊಟ್ಟಿನ ಸಾಲು ಆರು ಚಿಕ್ಕದಕ್ಕಿಂತ ಎತ್ತರ ಕಾಣುತ್ತೆ. ಒಂದೇ ಅಳತೆಯ ಪ್ಯಾಕೆಟ್ ತನ್ನಿ. ಎರಡು, ಮೇಲುಮೇಲಕ್ಕೆ ಅಂಟಿಸುವಾಗ ಒಂದರ ಮೇಲೊಂದು ಕೂರಿಸಿಬಿಡ್ತಾರೆ, ಹತ್ತು ಜನ ಇದ್ದ ಜಾಗದಲ್ಲಿ ಏಳು ಜನರ ಎತ್ತರ ಬರುತ್ತೆ. ಮೊದಲೇ ಪೆನ್ಸಿಲಿನಲ್ಲಿ ಒಂದು ಸೆಂಟಿಮೀಟರ್ ಚೌಕ ಹಾಕಿ, ಚೌಕಕ್ಕೊಂದು ಬೊಟ್ಟು ಅಂತ ಹೇಳಿ.

ಚಿತ್ರ ಮುಗಿದ ಮೇಲೆ ‘ಏನು ಕಾಣುತ್ತೆ?’ ಅಂತಷ್ಟೇ ಕೇಳಿ. ಎಲ್ಲಿ ದಟ್ಟ, ಎಲ್ಲಿ ಖಾಲಿ, ಒಂಟಿಯಾಗಿ ದೂರ ನಿಂತವರು ಯಾರು, ಅವರ ಊರು ಯಾವುದು. ಆಮೇಲೆ ಸರಾಸರಿ. ಒಂದು ಸಣ್ಣ ಗುಂಪನ್ನು ಬೋರ್ಡಿಗೆ ತನ್ನಿ:

5, 5, 7, 8, 10, 10, 10, 12, 15, 20, 75

ಒಟ್ಟು 177, ಹನ್ನೊಂದು ಮಕ್ಕಳು, ಸರಾಸರಿ 16.1. ಮಧ್ಯಾಂಕ 10. ಹನ್ನೊಂದರಲ್ಲಿ ಒಂಬತ್ತು ಮಕ್ಕಳು ‘ಸರಾಸರಿಗಿಂತ ಕಡಿಮೆ’. 75 ತೆಗೆದರೆ ಸರಾಸರಿ 10.2ಕ್ಕೆ ಇಳಿಯುತ್ತೆ, ಮಧ್ಯಾಂಕ ಮಾತ್ರ ಕದಲೋದೇ ಇಲ್ಲ. ‘ಹಾಗಾದರೆ 75 ತೆಗೆದುಹಾಕೋಣ’ ಅಂತ ಯಾರಾದರೂ ಅಂದೇ ಅಂತಾರೆ, ಅಲ್ಲಿ ನಿಲ್ಲಿಸಿ. ಆ ಮಗು ನಿಜವಾಗಿ 75 ನಿಮಿಷ ಪ್ರಯಾಣ ಮಾಡಿ ಬರ್ತಿದ್ದರೆ ಅದು ತಪ್ಪು ದತ್ತಾಂಶ ಅಲ್ಲ, ಈ ಪಟ್ಟಿಯ ಬಹುಮುಖ್ಯ ಸಂಗತಿ. 7.5 ಅಂತ ಬರೆಯೋಕೆ ಹೋಗಿ ಚುಕ್ಕಿ ಬಿಟ್ಟಿದ್ದರೆ ತಿದ್ದಬೇಕು. ಯಾವುದು ಅನ್ನೋದನ್ನು ಸೂತ್ರ ಹೇಳಲ್ಲ, ಹೋಗಿ ಕೇಳಬೇಕು.

ಮಧ್ಯಾಂಕವೇ ಸದಾ ಮೇಲು ಅಂತಲೂ ಹೇಳಿಬಿಡಬೇಡಿ. ಶಾಲೆಗೆ ವ್ಯಾನ್ ಗೊತ್ತುಮಾಡಬೇಕು, ಒಟ್ಟು ಎಷ್ಟು ಹೊತ್ತಿನ ಓಡಾಟ ಅನ್ನೋದು ಬೇಕು ಅಂದರೆ ಸರಾಸರಿಯೇ ಬೇಕಾಗೋದು, ಯಾಕೆಂದರೆ ಅದನ್ನು ತಲೆಗಳಿಂದ ಗುಣಿಸಿದರೆ ಮೊತ್ತ ವಾಪಸ್ ಬರುತ್ತೆ. ಮಧ್ಯಾಂಕಕ್ಕೆ ಆ ಗುಣ ಇಲ್ಲ.

ಹರಡಿಕೆ ಮರೀಬೇಡಿ. 10, 10, 10, 10, 10 ಮತ್ತು 2, 5, 10, 15, 18. ಎರಡರ ಸರಾಸರಿಯೂ 10, ಮಧ್ಯಾಂಕವೂ 10. ಇವು ಎರಡು ಬಸ್ಸುಗಳು ತಡವಾಗಿ ಬಂದ ನಿಮಿಷಗಳು ಅಂದುಕೊಳ್ಳಿ, ಪರೀಕ್ಷೆ ದಿನ ಯಾವ ಬಸ್ ಹತ್ತುತ್ತೀರಿ? ಹರಡಿಕೆ ಅಳೆಯೋ ದೊಡ್ಡ ಸೂತ್ರ, ಮಾನಕ ವಿಚಲನೆ, ಈ ವಯಸ್ಸಿಗೆ ಬೇಡ. ಪ್ರತಿ ಸಂಖ್ಯೆ 10ರಿಂದ ಎಷ್ಟು ದೂರ ಅಂತ ಬರೆದು (8, 5, 0, 5, 8) ಅದರ ಸರಾಸರಿ 5.2 ಅಂತ ತೆಗೆಸಿ. ಮೊದಲನೇ ಬಸ್ಸಿಗೆ ಅದೇ ಲೆಕ್ಕ ಸೊನ್ನೆ.

ಒಂದು ಎಚ್ಚರಿಕೆ. ತೂಕ, ಮನೆಯ ಆದಾಯ, ಜಾತಿ, ಅಂಕ ಇವನ್ನು ತರಗತಿ ದತ್ತಾಂಶವಾಗಿ ತಗೊಳ್ಳಲೇಬೇಡಿ. ಹೆಸರಿಲ್ಲದೆ ಬರೆಸಿದರೂ 40 ಜನರಲ್ಲಿ ಕೊನೆಯ ಚುಕ್ಕಿ ಯಾರದ್ದು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಗೇಣಿನ ಉದ್ದ, ಪ್ರಯಾಣದ ಹೊತ್ತು, ನಿದ್ದೆ ಗಂಟೆ ಇವುಗಳಲ್ಲಿ ಯಾರಿಗೂ ನೋವಾಗಲ್ಲ.

ಮದ್ದೂರಿನ_ಮೇಷ್ಟ್ರು

ಮೇಲಿನವರು ಹೇಳಿದ್ದಕ್ಕೆ ಒಪ್ಪಿಗೆ ಇದೆ. ಆದರೆ ಆರು ವಾರವೂ ತರಗತಿಯ ಒಳಗಿನ ದತ್ತಾಂಶವೇ ಆದರೆ ಮಕ್ಕಳಿಗೆ ಬೇಜಾರಾಗುತ್ತೆ. ಮಂಡ್ಯ ಜಿಲ್ಲೆಯಲ್ಲಿದ್ದುಕೊಂಡು ಕೆಆರ್‌ಎಸ್ ಮಟ್ಟ ಬಿಟ್ಟರೆ ಹೇಗೆ? ಪೇಪರಿನಲ್ಲಿ ದಿನಾ ಬರುತ್ತೆ: ಇಂದಿನ ಮಟ್ಟ, ಗರಿಷ್ಠ ಮಟ್ಟ 124.80 ಅಡಿ, ಒಳಹರಿವು, ಹೊರಹರಿವು. ಮನೇಲಿ ಅಪ್ಪ, ತಾತ ಅದನ್ನ ನೋಡಿಯೇ ನಾಲೆಗೆ ನೀರು ಬಿಡ್ತಾರೋ ಇಲ್ಲವೋ ಅಂತ ಮಾತಾಡೋದು. ಒಬ್ಬ ಮಗುವಿಗೆ ಒಂದು ತಿಂಗಳು ಅಂತ ಹಂಚಿ, ಲೈಬ್ರರಿಯ ಹಳೇ ಪೇಪರಿಂದ ಬರೆದುಕೊಂಡು ಬರಲಿ.

ಇದರಲ್ಲಿ ಕಲಿಸೋಕೆ ತುಂಬಾ ಇದೆ.

ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಭಾಗಿಸಿದರೆ, 11,574 ಕ್ಯೂಸೆಕ್ ಒಳಹರಿವು 24 ಗಂಟೆ ಬಂದರೆ ಒಂದು ಟಿಎಂಸಿ. ಈ ಒಂದು ಲೆಕ್ಕ ಮಕ್ಕಳಿಂದಲೇ ಮಾಡಿಸಿ, ಆಮೇಲೆ ಅವರು ಪೇಪರ್ ಓದೋ ರೀತಿಯೇ ಬದಲಾಗುತ್ತೆ.

ಮಟ್ಟದ ಗ್ರಾಫ್ ಬರೆಸುವಾಗ ಲಂಬ ಅಕ್ಷ 0ಯಿಂದ ಶುರುವಾದರೆ ಗೆರೆ ಚಪ್ಪಟೆ, 120ರಿಂದ ಶುರುವಾದರೆ ಒಂದಡಿ ಇಳಿದದ್ದೂ ಪ್ರಳಯದ ಹಾಗೆ. ಒಂದೇ ದತ್ತಾಂಶಕ್ಕೆ ಎರಡೂ ಗ್ರಾಫ್ ಬರೆಸಿ ಪಕ್ಕಪಕ್ಕ ಅಂಟಿಸಿ. ಸ್ತಂಭಾಲೇಖಕ್ಕೆ ಅಕ್ಷ ಸೊನ್ನೆಯಿಂದಲೇ ಬರಬೇಕು, ಕಣ್ಣು ಅಲ್ಲಿ ಸ್ತಂಭದ ಉದ್ದವನ್ನೇ ಓದೋದು. ಗೆರೆಚಿತ್ರಕ್ಕೆ ಆ ಕಟ್ಟುಪಾಡು ಇಲ್ಲ, ಎಲ್ಲಿಂದ ಶುರು ಅನ್ನೋದನ್ನ ಎದ್ದುಕಾಣೋ ಹಾಗೆ ಬರೆದರೆ ಸಾಕು.

ಇನ್ನೊಂದು ಮೋಸ: ಅಡಿಯ ಲೆಕ್ಕ ನೀರಿನ ಲೆಕ್ಕ ಅಲ್ಲ. ಜಲಾಶಯ ಮೇಲಕ್ಕೆ ಹೋದಂತೆ ಅಗಲ ಆಗುತ್ತೆ, ಹಾಗಾಗಿ 123ರಿಂದ 124ಕ್ಕೆ ಏರಲು ಬೇಕಾದ ನೀರು 83ರಿಂದ 84ಕ್ಕೆ ಏರಲು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ‘100 ಅಡಿ ಇದೆ, ಅಂದರೆ ಶೇ 80 ತುಂಬಿದೆ’ ಅನ್ನೋ ಮಾತು ತಪ್ಪು.

ಒಳಹರಿವಿಗೆ ಸರಾಸರಿ ತೆಗೆದರೆ ಪೇಚಾಟ ಶುರು. ವರ್ಷದ ಬಹುಪಾಲು ದಿನ ಸಣ್ಣ ಸಂಖ್ಯೆ, ಕೊಡಗಿನಲ್ಲಿ ಮಳೆ ಹಿಡಿದ ಕೆಲವೇ ವಾರ ಭಾರಿ ಸಂಖ್ಯೆ. ಸರಾಸರಿಯಷ್ಟು ನೀರು ಬಂದ ದಿನಗಳು ಬೆರಳೆಣಿಕೆ ಆಗಬಹುದು. ಆ ಮೇಲಿನ 75 ನಿಮಿಷದ ಮಗು ಇಲ್ಲಿ ಜುಲೈ, ಆಗಸ್ಟ್ ಆಗಿ ಬಂದಿದೆ ಅಂತ ಮಕ್ಕಳೇ ಹೇಳಲಿ.

ಬಹುಲಕಕ್ಕೆ ಎಪಿಎಂಸಿ ಧಾರಣೆ ನೋಡಿ. ಮಂಡ್ಯದ ಬೆಲ್ಲ, ಮದ್ದೂರಿನ ಎಳನೀರು ಯಾವುದಾದರೂ ಆಗಬಹುದು. ಸರ್ಕಾರಿ ಮಾರುಕಟ್ಟೆ ವರದಿಯಲ್ಲಿ ಕನಿಷ್ಠ, ಗರಿಷ್ಠದ ಜತೆ ಮೋಡಲ್ ಬೆಲೆ ಅಂತ ಒಂದು ಕಾಲಂ ಇರುತ್ತೆ. ಹೆಚ್ಚು ಮಾಲು ಯಾವ ದರಕ್ಕೆ ಹೋಯಿತೋ ಅದು. ಗಾಡಿ ತುಂಬಿಕೊಂಡು ಹೊರಟ ರೈತನಿಗೆ ‘ನನಗೆ ಬಹುಶಃ ಎಷ್ಟು ಸಿಗುತ್ತೆ’ ಅನ್ನೋದಕ್ಕೆ ಗರಿಷ್ಠ ಬೆಲೆ ಉತ್ತರ ಅಲ್ಲ. ಬಹುಲಕ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನ್ನ ಕಣ್ಣಿಗೆ ಬಿದ್ದಿಲ್ಲ. ಪುಸ್ತಕದ ಚಪ್ಪಲಿ ಅಂಗಡಿ ಉದಾಹರಣೆ ನೀರಸ.

ಪಾಂಡವಪುರ_ಗಣಿತ

ಇಬ್ಬರಿಗೂ ಧನ್ಯವಾದ. ಕೆಆರ್‌ಎಸ್ ಖಂಡಿತ ಮಾಡಿಸ್ತೀನಿ. ಎರಡು ಸಂದೇಹ. ಹತ್ತನೇ ತರಗತಿಯಲ್ಲಿ ವರ್ಗೀಕೃತ ದತ್ತಾಂಶದ (0–10, 10–20 ಹೀಗೆ ಗುಂಪು ಕಟ್ಟಿದ್ದರ) ಮಧ್ಯಾಂಕ ಸೂತ್ರ ಬರುತ್ತೆ, ಮಕ್ಕಳು ಅದನ್ನ ಮಂತ್ರದ ಥರ ಬಾಯಿಪಾಠ ಮಾಡ್ತಾರೆ. ಈ ಚಟುವಟಿಕೆಯಿಂದ ಅಲ್ಲಿಗೆ ದಾರಿ ಇದೆಯಾ? ಮತ್ತೆ, ಮಾದರಿ ಆಯ್ಕೆ (ಎಲ್ಲವನ್ನೂ ಅಳೆಯದೆ ಕೆಲವನ್ನಷ್ಟೇ ಆರಿಸಿ ನೋಡೋದು) ಅನ್ನೋದನ್ನ ಈ ಮಟ್ಟದಲ್ಲಿ ಹೇಗೆ ತೋರಿಸೋದು?

ಓಜೀವ್_ಅಕ್ಕ

ಮೊದಲನೇದಕ್ಕೆ ನಾನು ಹೇಳ್ತೀನಿ ಸರ್.

ಅದೇ ಪ್ರಯಾಣದ ದತ್ತಾಂಶವನ್ನೇ ವರ್ಗಗಳಾಗಿ ಕಟ್ಟಿ. ಅಳೆದದ್ದು ಬೇಡ, ಬಾಯಲ್ಲಿ ಹೇಳಿದ ಸಂಖ್ಯೆಗಳೇ ಇರಲಿ, ಕಾರಣ ಕೆಳಗಿದೆ. ಉದಾಹರಣೆಗೆ 40 ಮಕ್ಕಳು ಹೀಗೆ ಬಂದರು ಅನ್ನೋಣ:

0–10: 8
10–20: 14
20–30: 10
30–40: 5
40–50: 3

ಮೊದಲ ಜಗಳ: 10 ನಿಮಿಷದವರು ಎಲ್ಲಿ? ಪುಸ್ತಕದ ರೂಢಿಯಲ್ಲಿ 10–20ಕ್ಕೆ. ಇದನ್ನ ಮೊದಲೇ ಹೇಳದಿದ್ದರೆ ಅರ್ಧ ತರಗತಿ ಅಲ್ಲಿ, ಅರ್ಧ ಇಲ್ಲಿ ಬರೆದು ಮೊತ್ತ 40ರ ಬದಲು 43 ಬರುತ್ತೆ. ತಾಳೆ ಗುರುತು ಹಾಕುವಾಗ ಒಬ್ಬರು ಓದಲಿ, ಒಬ್ಬರು ಗೀಟು ಹಾಕಲಿ. ಇಬ್ಬರ ಕೆಲಸ ಒಬ್ಬರೇ ಮಾಡಿದರೆ ತಪ್ಪು ಜಾಸ್ತಿ.

ಈಗ ಸೂತ್ರ. n ಅಂದರೆ ಒಟ್ಟು ಮಕ್ಕಳು, n/2 = 20. ಸಂಚಿತ ಆವೃತ್ತಿ (ಪ್ರತಿ ವರ್ಗದ ಎಣಿಕೆಯನ್ನ ಹಿಂದಿನದಕ್ಕೆ ಕೂಡಿಸುತ್ತಾ ಹೋದದ್ದು) 8, 22, 32, 37, 40. ಇಪ್ಪತ್ತನೆಯವರು 10–20ರ ಒಳಗೆ ಇದ್ದಾರೆ. ಮಧ್ಯಾಂಕ = 10 + (20 − 8)/14 × 10 = 18.57. ಸರಾಸರಿ 810/40 = 20.25. ಬಹುಲಕ 10 + (14 − 8)/(2 × 14 − 8 − 10) × 10 = 16. ಬಾಲ ಬಲಕ್ಕೆ ಎಳೆದ ದತ್ತಾಂಶದಲ್ಲಿ ಸಾಮಾನ್ಯವಾಗಿ ಕಾಣೋ ಕ್ರಮ ಇದೇ: ಬಹುಲಕ, ಮಧ್ಯಾಂಕ, ಸರಾಸರಿ.

ಸೂತ್ರದ ಅರ್ಥ ಬಿಡಿಸೋದು ಹೀಗೆ. ಮೊದಲ ವರ್ಗದಲ್ಲಿ 8 ಜನ ದಾಟಿದರು, ಇನ್ನೂ 12 ಜನರನ್ನ ದಾಟಬೇಕು. ಈ ವರ್ಗದ 14 ಜನ 10 ನಿಮಿಷದ ಅಗಲದಲ್ಲಿ ಸಮನಾಗಿ ಸಾಲು ನಿಂತಿದ್ದಾರೆ ಅಂದುಕೊಂಡರೆ, 12 ಜನ ದಾಟಲು ಅಗಲದಲ್ಲಿ 12/14 ಭಾಗ ನಡೀಬೇಕು. ಅಷ್ಟೇ, ತ್ರೈರಾಶಿ. ವರಾಂಡದಲ್ಲಿ ಹತ್ತು ಅಡಿ ಗೆರೆ ಎಳೆದು 14 ಮಕ್ಕಳನ್ನ ಸಮನಾಗಿ ನಿಲ್ಲಿಸಿದರೆ ಸೂತ್ರ ಬೇಕಾಗೇ ಇಲ್ಲ.

ಆಮೇಲೆ ಆ ‘ಸಮನಾಗಿ’ ಅನ್ನೋದನ್ನೇ ಪರೀಕ್ಷೆಗೆ ಒಡ್ಡಿ. ಆ 14 ಮಕ್ಕಳಲ್ಲಿ 6 ಜನ ‘10’, 8 ಜನ ‘15’ ಅಂತ ಹೇಳಿದ್ದರೆ, ಮೂಲ ಪಟ್ಟಿಯಲ್ಲಿ 20ನೆಯವರೂ 21ನೆಯವರೂ 15. ನಿಜವಾದ ಮಧ್ಯಾಂಕ 15, ಸೂತ್ರ ಕೊಟ್ಟದ್ದು 18.57. ಸೂತ್ರ ತಪ್ಪಲ್ಲ, ಅದು ನೆಚ್ಚಿಕೊಂಡ ಊಹೆ ಇಲ್ಲಿ ನಿಲ್ಲಲಿಲ್ಲ. ಗಡಿಯಾರ ನೋಡಿ ತಂದ ಸಂಖ್ಯೆಗಳಿಗೆ ಇದೇ ಲೆಕ್ಕ ಮಾಡಿಸಿ, ಅಂತರ ಸಾಮಾನ್ಯವಾಗಿ ಕಡಿಮೆ ಬರುತ್ತೆ. ಮೂಲ ದತ್ತಾಂಶ ಕೈಯಲ್ಲಿದ್ದಾಗ ವರ್ಗ ಕಟ್ಟಿ ಮಧ್ಯಾಂಕ ತೆಗೆಯೋದು ಬುದ್ಧಿವಂತಿಕೆ ಅಲ್ಲ ಅನ್ನೋದೂ ಹೊಳೆಯುತ್ತೆ. ಪರೀಕ್ಷೆಗೆ ಬೇಕು, ಅದು ಬೇರೆ ಮಾತು.

ಹಿಸ್ಟೋಗ್ರಾಂ (ವರ್ಗಕ್ಕೊಂದು ಆಯತ, ಒಂದಕ್ಕೊಂದು ಅಂಟಿಕೊಂಡ ಚಿತ್ರ) ಬರೆಸುವಾಗ ಕೊನೆಯ ಎರಡು ವರ್ಗ ಸೇರಿಸಿ 30–50: 8 ಅಂತ ಮಾಡಿ ನೋಡಿ. ಬಹುತೇಕ ಮಕ್ಕಳು 8 ಎತ್ತರದ ಅಗಲ ಆಯತ ಎಳೀತಾರೆ, ದೂರದಿಂದ ಬರುವವರೇ ಜಾಸ್ತಿ ಅನ್ನೋ ಹಾಗೆ ಕಾಣುತ್ತೆ. ಅಗಲ ಎರಡರಷ್ಟಾದರೆ ಎತ್ತರ ಅರ್ಧ, ಅಂದರೆ 4. ವಿಸ್ತೀರ್ಣವೇ ಆವೃತ್ತಿ, ಅಂದರೆ ಎಷ್ಟು ಜನ ಅನ್ನೋ ಎಣಿಕೆ.

ಸಂಖ್ಯಾ_ಮೈಸೂರು

ಮಾದರಿ ಆಯ್ಕೆಗೆ ಕನ್ನಡ ಪಠ್ಯಪುಸ್ತಕದ ಒಂದು ಪುಟ ಸಾಕು. ಒಂದು ಗದ್ಯಭಾಗದ 60 ಪದಗಳಿಗೆ 01ರಿಂದ 60ರವರೆಗೆ ನಂಬರ್ ಹಾಕಿ ಕೊಡಿ. ಪ್ರಶ್ನೆ: ಒಂದು ಪದಕ್ಕೆ ಸರಾಸರಿ ಎಷ್ಟು ಅಕ್ಷರ? ಎಣಿಸುವ ನಿಯಮ ಮೊದಲೇ ಗೊತ್ತುಮಾಡಿ, ಒತ್ತಕ್ಷರ ಇದ್ದರೂ ಒಂದೇ ಅಕ್ಷರ. ‘ಎಲ್ಲರೂ’ ಅಂದರೆ ಮೂರು.

ಮೊದಲು ಪ್ರತಿಯೊಬ್ಬರೂ ಪುಟ ನೋಡಿ ‘ಪುಟವನ್ನು ಪ್ರತಿನಿಧಿಸುವ’ ಐದು ಪದ ತಾವೇ ಆರಿಸಲಿ, ಸರಾಸರಿ ತೆಗೆದು ಚುಕ್ಕಿ ಚಿತ್ರಕ್ಕೆ ಬೊಟ್ಟಿಡಲಿ. ಆಮೇಲೆ ಚೀಟಿ. 0ಯಿಂದ 9ರವರೆಗೆ ಹತ್ತು ಚೀಟಿ ಡಬ್ಬಿಯಲ್ಲಿ, ಒಂದು ಎತ್ತಿ ಹತ್ತರ ಸ್ಥಾನ, ಅದನ್ನ ವಾಪಸ್ ಹಾಕಿ ಕಲಸಿ ಇನ್ನೊಂದು ಎತ್ತಿ ಬಿಡಿ ಸ್ಥಾನ. 00 ಬಂದರೆ, 60ಕ್ಕಿಂತ ಮೇಲೆ ಬಂದರೆ ಬಿಟ್ಟು ಮತ್ತೆ ಎತ್ತೋದು. ಬಂದದ್ದೇ ಮತ್ತೆ ಬಂದರೂ ಬಿಡೋದು. ಆ ಐದು ಪದಗಳ ಸರಾಸರಿಗೆ ಬೇರೆ ಬಣ್ಣದ ಬೊಟ್ಟು.

ಕೊನೆಗೆ 60 ಪದಗಳ ನಿಜವಾದ ಸರಾಸರಿ ಲೆಕ್ಕ ಹಾಕಿ ಚಾರ್ಟಿನ ಮೇಲೆ ಒಂದು ಗೆರೆ. ಕಣ್ಣಿನಿಂದ ಆರಿಸಿದ ಬೊಟ್ಟುಗಳು ಗೆರೆಯ ಬಲಕ್ಕೆ ವಾಲುತ್ತವೆ, ಉದ್ದ ಪದ ಕಣ್ಣಿಗೆ ಬೇಗ ಬೀಳುತ್ತೆ. ಚೀಟಿಯವು ಎರಡೂ ಕಡೆ ಚದುರಿರುತ್ತವೆ. ‘ನಾನು ಮೋಸ ಮಾಡಿಲ್ಲ ಸಾರ್’ ಅಂತಾರೆ. ನಿಜ, ಯಾರೂ ಮಾಡಿಲ್ಲ, ಆದರೂ ವಾಲಿತು. ಚೀಟಿ ಸರಿಯಾಗಿ ಕಲಸದಿದ್ದರೆ, ಮಡಿಕೆಯ ದಪ್ಪ ಬೇರೆ ಬೇರೆ ಆಗಿದ್ದರೆ ಈ ಪ್ರಯೋಗ ಕೆಡುತ್ತೆ, ಗಮನವಿರಲಿ.

ಹಡಗಲಿ_ಮೂಲ

ಸಣ್ಣ ಸೇರ್ಪಡೆ. ಮಕ್ಕಳು ‘ಇದನ್ನ ಓದಿದರೆ ಏನಾಗಬಹುದು’ ಅಂತ ಕೇಳಿದರೆ: ಪಿಯುಸಿಯಲ್ಲಿ ವಿಜ್ಞಾನ, ವಾಣಿಜ್ಯ ಎರಡರಲ್ಲೂ ಸಂಖ್ಯಾಶಾಸ್ತ್ರ ಇರುವ ಕಾಂಬಿನೇಷನ್ ಇವೆ, ಎಲ್ಲ ಕಾಲೇಜಿನಲ್ಲಿ ಇಲ್ಲ, ಮೊದಲೇ ವಿಚಾರಿಸಬೇಕು. ಮೈಸೂರಿನ ಯುವರಾಜ ಕಾಲೇಜಿನಲ್ಲಿ ಪದವಿಗೆ, ಮಾನಸಗಂಗೋತ್ರಿಯಲ್ಲಿ ಸ್ನಾತಕೋತ್ತರಕ್ಕೆ ಸಂಖ್ಯಾಶಾಸ್ತ್ರ ಇದೆ. ಯುಪಿಎಸ್‌ಸಿ ಭಾರತೀಯ ಸಾಂಖ್ಯಿಕ ಸೇವೆಗೆ ಪ್ರತ್ಯೇಕ ಪರೀಕ್ಷೆ ನಡೆಸುತ್ತೆ. ಜೂನ್ 29 ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಾಲನೋಬಿಸ್ ಹುಟ್ಟಿದ ದಿನ, ರಾಷ್ಟ್ರೀಯ ಸಾಂಖ್ಯಿಕ ದಿನ. ಶಾಲೆ ಶುರುವಾದ ತಿಂಗಳಲ್ಲೇ ಬರೋದರಿಂದ ಚಾರ್ಟ್ ಪ್ರದರ್ಶನಕ್ಕೆ ಅನುಕೂಲ. ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ಸಿ. ಆರ್. ರಾವ್ ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ, ಇದನ್ನೂ ಚಾರ್ಟಿನಲ್ಲಿ ಬರೆಸಿ.

ಓಜೀವ್_ಅಕ್ಕ

ಸಂಭವನೀಯತೆ ಬಗ್ಗೆ ಯಾರೂ ಹೇಳಲಿಲ್ಲ. ನಾಣ್ಯ, ದಾಳ ಬೇಡ. ಉತ್ತರ ಮೊದಲೇ ಗೊತ್ತಿರೋದರಿಂದ ಮಕ್ಕಳು ಎಸೆಯದೆಯೇ ಬರೆದುಬಿಡ್ತಾರೆ. ಚೌಕಾಬಾರದ ಹುಣಸೆ ಬೀಜ ತನ್ನಿ. ನಾಲ್ಕು ಬೀಜ, ಒಂದು ಮಗ್ಗುಲನ್ನ ಒರಟು ಕಲ್ಲಿಗೆ ಬಿಳಿ ಕಾಣುವವರೆಗೆ ಉಜ್ಜಿದ್ದು. ಬಿಳಿ ಎಷ್ಟು ಮೇಲೋ ಅಷ್ಟು ಮನೆ, ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಎಂಟು.

ಬೀಜ ಎರಡು ಕಡೆಗೂ ಸಮನಾಗಿ ಬೀಳುತ್ತೆ ಅಂತ ಊಹಿಸಿದರೆ 16 ಸಾಧ್ಯತೆಗಳು: ಬಿಳಿ 0, 1, 2, 3, 4 ಬರೋದು 1, 4, 6, 4, 1 ರೀತಿಯಲ್ಲಿ. 160 ಸಲ ಎಸೆದರೆ 10, 40, 60, 40, 10 ಬರಬೇಕು. ಎಸೆಯೋಕೆ ಮುಂಚೆ ಈ ಸಂಖ್ಯೆ ಬರೆಸಿ, ಆಮೇಲೆ ಎಸೆಸಿ.

ಬೀಜ ಸಮನಾಗಿ ಬೀಳಲ್ಲ. ಉಜ್ಜಿದ ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು. ಬಿಳಿ ಮೇಲೆ ಬೀಳೋ ಸಂಭವ ಅರ್ಧದ ಬದಲು 0.6 ಇದ್ದರೆ ನಿರೀಕ್ಷೆ ಸುಮಾರು 4, 25, 55, 55, 21 ಆಗುತ್ತೆ. ಚೌಕ ಎರಡರಷ್ಟು, ಬಾರ ಅರ್ಧಕ್ಕಿಂತ ಕಡಿಮೆ. 0.6 ಅನ್ನೋದು ಉದಾಹರಣೆ ಮಾತ್ರ, ನಿಮ್ಮ ಬೀಜ ಎತ್ತ ವಾಲುತ್ತೆ ಅನ್ನೋದನ್ನ ಎಸೆದೇ ತಿಳೀಬೇಕು. ಬಾರಕ್ಕೆ ಯಾಕೆ ಎಂಟು ಮನೆ ಕೊಟ್ಟಿದ್ದಾರೆ ಅಂತ ಕೇಳಿ, ಮಕ್ಕಳು ಒಳ್ಳೊಳ್ಳೆ ಉತ್ತರ ಕೊಡ್ತಾರೆ.

ಪಾಂಡವಪುರ_ಗಣಿತ

ಅಕ್ಕ, ಇದು ಚೆನ್ನಾಗಿದೆ. ಐದೈದು ಮಕ್ಕಳ ಎಂಟು ಗುಂಪು ಮಾಡಿ, ಗುಂಪಿಗೆ 20 ಸಲ ಎಸೆಸಿ ಕೂಡಿಸಿದರೆ 160 ಆಗುತ್ತಲ್ಲ, ಬೇಗ ಮುಗಿಯುತ್ತೆ?

ಓಜೀವ್_ಅಕ್ಕ

ಬೇಡ ಸರ್. ಒಂದೊಂದು ಗುಂಪಿನ ಬೀಜ ಒಂದೊಂದು ಥರ ಉಜ್ಜಿರುತ್ತೆ, ಎಲ್ಲ ಕೂಡಿಸಿದರೆ ಎಂಟು ಬೇರೆ ಬೇರೆ ಬೀಜದ ಕಲಸುಮೇಲೋಗರ. ಪ್ರತಿ ಗುಂಪೂ ತನ್ನ ಬೀಜವನ್ನ 160 ಸಲ ಎಸೆಯಲಿ. ಒಬ್ಬರು ಎಸೆಯೋದು, ಒಬ್ಬರು ಕೂಗೋದು, ಒಬ್ಬರು ಗೀಟು ಹಾಕೋದು ಅಂತ ಮಾಡಿದರೆ ಸಲಕ್ಕೆ ಐದಾರು ಸೆಕೆಂಡು, ಕಾಲು ಗಂಟೆಯಲ್ಲಿ ಮುಗಿಯುತ್ತೆ. ಎರಡೂ ಅಂಗೈ ಮುಚ್ಚಿ ಕುಲುಕಿ ಎಸೀಬೇಕು, ನೆಲಕ್ಕೆ ಜಾರಿಸಿ ಬಿಟ್ಟರೆ ಬೀಜ ಹಿಡಿದ ಮಗ್ಗುಲಲ್ಲೇ ಕೂರುತ್ತೆ. ಓರೆಯಾಗಿ ನಿಂತ ಬೀಜಕ್ಕೆ ಏನು ಮಾಡೋದು ಅಂತ ಮೊದಲೇ ತೀರ್ಮಾನಿಸಿ, ನಾಲ್ಕನ್ನೂ ಮತ್ತೆ ಎಸೆಯೋದು ಒಳ್ಳೇದು.

60 ಬರಬೇಕಾದ ಕಡೆ 53 ಬಂದರೆ ‘ಬೀಜ ಸರಿಯಿಲ್ಲ’ ಅಂತ ಕೂಗಾಡೋಕೆ ಬಿಡಬೇಡಿ. ಪಕ್ಕಾ ಸಮನಾಗಿ ಬೀಳೋ ಬೀಜದಲ್ಲೂ 48ರಿಂದ 72ರವರೆಗೆ ಆಗಾಗ ಬರುತ್ತೆ. ಹೋಲಿಸೋಕೆ ಒಂದು ಗುಂಪಿಗೆ ಬೀಜದ ಬದಲು ನಾಲ್ಕು ಒಂದು ರೂಪಾಯಿ ನಾಣ್ಯ ಕೊಡಿ. ನಾಣ್ಯದವರಿಗೆ ನಾಲ್ಕೂ ಹೆಡ್ ಬಿದ್ದದ್ದು 10ರ ಆಸುಪಾಸಿನಲ್ಲಿದ್ದು, ಬೀಜದವರಿಗೆ ಚೌಕ 20 ದಾಟಿದರೆ ಆಗ ಅನುಮಾನ ಪಡಬಹುದು.